ಕಿತ್ತಷ್ಟೂ ಹಬ್ಬುವ ಸ್ಪಂಜು: ರೀಫ್ ಟ್ಯಾಂಕಿನಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು

ಪ್ರಶ್ನೆ: ನಮ್ಮದು ಎರಡು ವರ್ಷದ ನಾಲ್ಕಡಿ ರೀಫ್ ಟ್ಯಾಂಕ್ (ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ). ಕೆಳಗಿನ ಫಿಲ್ಟರ್ ತೊಟ್ಟಿಯಾದ ಸಂಪ್ ಸೇರಿ ಸುಮಾರು 400 ಲೀಟರ್ ನೀರು. ಆರು ತಿಂಗಳಿಂದ ಬೂದು-ನೀಲಿ ಬಣ್ಣದ ಸ್ಪಂಜು ಕಲ್ಲಿನ ತುಂಬ ಹರಡಿ ಈಗ ಮಾಂಟಿಪೊರಾ ಹವಳದ ಅಂಚಿಗೆ ಹತ್ತಿದೆ. ಕಿತ್ತರೆ ವಾರದಲ್ಲಿ ಇನ್ನೆರಡು ಕಡೆ ಕಾಣಿಸಿಕೊಳ್ಳುತ್ತದೆ. ಸಂಪ್‌ನಲ್ಲಿ ಬೆರಳ ತುದಿಯಷ್ಟು ದಪ್ಪದ ಬಿಳಿ ಸ್ಪಂಜುಗಳು ನೂರಾರಿವೆ. ಇನ್ನೊಂದು ಕವಲು ಹವಳದ ಬುಡದಲ್ಲಿ ಹಳದಿ ಚುಕ್ಕೆಗಳು ಮೂಡಿವೆ. ಸಿಲಿಕೇಟ್ ಹೀರುವ ಮೀಡಿಯಾ ಹಾಕಿ ಎರಡು ತಿಂಗಳಾಯಿತು, ಪ್ರಯೋಜನವಾಗಲಿಲ್ಲ. ನೈಟ್ರೇಟ್ ತಗ್ಗಿಸಲು ದಿನವೂ ವೋಡ್ಕಾ ಡೋಸ್, ವಾರಕ್ಕೆರಡು ಸಲ ಬ್ಯಾಕ್ಟೀರಿಯಾ ಬಾಟಲಿ ಮತ್ತು ಫೈಟೊ (ಸೂಕ್ಷ್ಮ ಪಾಚಿಯ ದ್ರವ) ಹಾಕುತ್ತೇನೆ. ಏಂಜಲ್ ಮೀನು ಬಿಟ್ಟರೆ ತಿಂದು ಮುಗಿಸುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ನೀವು ಬರೆದಿರುವುದು ಒಂದೇ ಸ್ಪಂಜಿನ ಸಮಸ್ಯೆಯಲ್ಲ. ಅದರಲ್ಲಿ ಮೂರು ಬೇರೆ ಬೇರೆ ಜೀವಿಗಳಿವೆ. ಸಂಪ್‌ನಲ್ಲಿರುವುದು ನಿಮಗೆ ಉಪಕಾರವನ್ನೇ ಮಾಡುತ್ತಿದೆ, ಅದರ ತಂಟೆಗೆ ಹೋಗಬೇಡಿ. ಬೂದು-ನೀಲಿಯದನ್ನು ಎರಡು ಮೂರು ತಿಂಗಳು ಹಿಡಿದು ಹಿಮ್ಮೆಟ್ಟಿಸಬೇಕು. ಹಳದಿ ಚುಕ್ಕೆಯದಕ್ಕೆ ಮಾತ್ರ ಈ ವಾರವೇ ಕೈ ಹಾಕಬೇಕು. ಮೂರಕ್ಕೂ ಒಂದೇ ಮದ್ದು ಹುಡುಕಿದ್ದರಿಂದಲೇ ಇಷ್ಟು ದಿನದ ಶ್ರಮ ವ್ಯರ್ಥವಾಗಿದೆ.

ಅವಸರದ್ದನ್ನೇ ಮೊದಲು ನೋಡೋಣ. ಚುಕ್ಕೆಗಳು ಒಂದರಿಂದ ನಾಲ್ಕು ಮಿಲಿಮೀಟರ್ ಅಗಲ, ದುಂಡಗೆ, ತುಸು ಉಬ್ಬಿದಂತಿವೆಯೇ? ಹಲ್ಲುಕಡ್ಡಿಯಿಂದ ಮುಟ್ಟಿದರೆ ನಿಧಾನವಾಗಿ ಒಳಕ್ಕೆ ಸರಿಯುತ್ತವೆಯೇ? ಬ್ರಷ್‌ನಿಂದ ಉಜ್ಜಿದರೂ ಹೋಗುವುದಿಲ್ಲವೇ? ಹಾಗಿದ್ದರೆ ಅದು ಕ್ಲಿಯೋನಾ ಜಾತಿಯ ಕೊರೆಯುವ ಸ್ಪಂಜು. ಹೊರಗೆ ಕಾಣುವುದು ಅದರ ಬಾಯಿಗಳು ಮಾತ್ರ, ಮೈಯೆಲ್ಲ ಹವಳದ ಸುಣ್ಣದ ಅಸ್ಥಿಪಂಜರದ ಒಳಗಿರುತ್ತದೆ. ಅದರ ಕೆಲವು ವಿಶೇಷ ಜೀವಕೋಶಗಳು ಸುಣ್ಣವನ್ನು ಅಂಚಿನಲ್ಲಿ ಕರಗಿಸಿ, ನೂರು ಮೈಕ್ರಾನಿಗೂ ಚಿಕ್ಕ ಚಕ್ಕೆಗಳನ್ನಾಗಿ ಬಿಡಿಸಿ ನೀರಿನ ಜೊತೆ ಹೊರಹಾಕುತ್ತವೆ. ಹವಳದ ಬುಡದಲ್ಲಿ ನುಣ್ಣನೆಯ ಬಿಳಿ ಹುಡಿ ಮತ್ತೆ ಮತ್ತೆ ಸೇರುತ್ತಿದ್ದರೆ ಅದು ಈ ಕೊರೆತದ್ದು. ಹವಳದ ಜೀವಂತ ಪದರವನ್ನು ಇದು ತಿನ್ನುವುದಿಲ್ಲ. ಹಾಗಾಗಿ ಮೇಲುಭಾಗ ಬಹಳ ದಿನ ಆರೋಗ್ಯವಾಗಿಯೇ ಕಾಣುತ್ತದೆ, ಆಮೇಲೆ ಒಂದು ದಿನ ಕವಲು ಬುಡದಲ್ಲಿ ಮುರಿದು ಬೀಳುತ್ತದೆ.

ಕೆರೆದು ತೆಗೆಯುವುದರಿಂದ ಇಲ್ಲಿ ಏನೂ ಆಗದು. ಅಯೋಡಿನ್ ದ್ರಾವಣದಲ್ಲಿ ಅದ್ದುವ ಡಿಪ್ ಕೂಡ ಒಳಗಿನ ಸುರಂಗಗಳನ್ನು ಮುಟ್ಟುವುದಿಲ್ಲ. ಮಾಡಬೇಕಾದ್ದು ಕತ್ತರಿಸುವುದೇ. ಹವಳವನ್ನು ಹೊರತೆಗೆದು, ಕೊನೆಯ ಹಳದಿ ಚುಕ್ಕೆಯಿಂದ ಒಂದು ಒಂದೂವರೆ ಸೆಂಟಿಮೀಟರ್ ಮೇಲೆ ಬೋನ್ ಕಟರ್‌ನಿಂದ ತುಂಡು ಮಾಡಿ. ಆಮೇಲೆ ಕತ್ತರಿಸಿದ ಮುಖವನ್ನು ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ, ಬಹಳ ಜನ ಬಿಡುವ ಹೆಜ್ಜೆ ಇದೇ. ಆರೋಗ್ಯವಾದ ಅಸ್ಥಿ ಒಂದೇ ಸಮನೆ ಬೆಳ್ಳಗಿದ್ದು ಅದರಲ್ಲಿ ಹವಳದ ಸಹಜವಾದ ಸಣ್ಣ ರಂಧ್ರಗಳಷ್ಟೇ ಇರುತ್ತವೆ. ಸ್ಪಂಜು ಹೊಕ್ಕಿದ್ದರೆ ಜೇನುಹುಟ್ಟಿನಂತೆ ಒಂದಕ್ಕೊಂದು ತೆರೆದುಕೊಂಡ ಗೂಡುಗಳಿರುತ್ತವೆ, ಒಳಗೆ ಹಳದಿ ಮಾಂಸ ತುಂಬಿರುತ್ತದೆ. ಒಂದೇ ಒಂದು ಹಳದಿ ಗೂಡು ಕಂಡರೂ ಇನ್ನೊಂದು ಸೆಂಟಿಮೀಟರ್ ಮೇಲೆ ಕತ್ತರಿಸಿ. ಪೂರ್ತಿ ಬಿಳಿ ಮುಖ ಸಿಕ್ಕ ಮೇಲೆ ಅದನ್ನು ಅಂಚಿನವರೆಗೂ ಜೆಲ್ ಸೂಪರ್‌ಗ್ಲೂ ಅಥವಾ ರೀಫ್ ಎಪಾಕ್ಸಿಯಿಂದ ಮುಚ್ಚಿ ಹೊಸ ಪ್ಲಗ್ (ಹವಳ ಅಂಟಿಸುವ ಬಿಲ್ಲೆ) ಮೇಲೆ ಕೂರಿಸಿ. ಜೀವಂತ ಪದರವಿಲ್ಲದ, ಬರಿದಾದ ಸುಣ್ಣವೇ ಇದಕ್ಕೆ ಹೆಬ್ಬಾಗಿಲು. ಆದ್ದರಿಂದ ಹವಳದ ಬುಡದಲ್ಲಿ ಸತ್ತ ಭಾಗವನ್ನು ತೆರೆದು ಬಿಡಲೇಬಾರದು. ಸೋಂಕಿನ ಬುಡವನ್ನು ಬಿಸಿಲಲ್ಲಿ ಒಣಗಿಸಿ ಎಸೆಯಿರಿ.

ಕತ್ತರಿಸಲಾಗದ ದಪ್ಪ ಗುಂಡು ಹವಳವಾದರೆ ಎಲ್ಲ ಚುಕ್ಕೆಗಳನ್ನೂ ಎಪಾಕ್ಸಿಯಿಂದ ಮುಚ್ಚುವುದುಂಟು. ಅರ್ಧ ಮುಚ್ಚಿದರೆ ಉಳಿದ ಬಾಯಿಗಳಿಂದಲೇ ಅದು ಬದುಕಿಕೊಳ್ಳುತ್ತದೆ. ಎಲ್ಲ ಮುಚ್ಚಿದರೂ ಪಕ್ಕದಲ್ಲಿ ಹೊಸ ಬಾಯಿ ತೆರೆಯಬಹುದು, ಹಾಗಾಗಿ ಪ್ರತಿ ವಾರ ನೋಡಿ ಮತ್ತೆ ಮುಚ್ಚಬೇಕು. ಇದರಿಂದ ವೇಗ ತಗ್ಗುತ್ತದೆ, ಬೇರು ಹೋಗುವುದಿಲ್ಲ.

ಇನ್ನು ಬೂದು-ನೀಲಿ ಹಾಳೆ. ಬೆಳಕು ಬೀಳುವ ಕಡೆಯೇ ಚೆನ್ನಾಗಿ ಬೆಳೆಯುವುದು, ತೆಳ್ಳಗೆ ಕಲ್ಲಿಗೆ ಅಂಟಿರುವುದು, ಅಂಚು ಕಿವಿಯಂತೆ ಮೇಲಕ್ಕೆದ್ದು ಮಡಚಿಕೊಳ್ಳುವುದು, ಈ ಲಕ್ಷಣಗಳು ಕೊಲೊಸ್ಪಾಂಜಿಯಾ ಆರಿಸ್ ಮತ್ತು ಅದರ ಹತ್ತಿರದ ಜಾತಿಗಳವು. ಇವುಗಳ ಮೈಯೊಳಗೆ ಸಯನೋಬ್ಯಾಕ್ಟೀರಿಯಾಗಳು ವಾಸಿಸುತ್ತವೆ, ಬೆಳಕಿನಿಂದ ಆಹಾರ ತಯಾರಿಸಿ ಸ್ಪಂಜಿಗೂ ಪಾಲು ಕೊಡುತ್ತವೆ. ಹಾಗಾಗಿ ಇದಕ್ಕೆ ಎರಡು ಊಟ: ಒಂದು ಬೆಳಕಿನಿಂದ, ಇನ್ನೊಂದು ನೀರಿನಿಂದ.

ಸಿಲಿಕೇಟ್ ಮೀಡಿಯಾ ಏಕೆ ಕೆಲಸ ಮಾಡಲಿಲ್ಲ ಎಂಬುದೂ ಇಲ್ಲಿಯೇ ಇದೆ. ಸ್ಪಂಜಿಗೆ ಸಿಲಿಕೇಟ್ ಬೇಕು, ಅದನ್ನು ತೆಗೆದರೆ ಸಾಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಗಾಜಿನಂಥ ಸೂಕ್ಷ್ಮ ಮುಳ್ಳುಗಳಿಂದ ಮೈ ಕಟ್ಟುವ ಜಾತಿಗಳಿಗೆ ಅದು ಅನ್ವಯಿಸುತ್ತದೆ. ನಿಮ್ಮ ಕ್ಲಿಯೋನಾ ಅಂಥದ್ದು, ಯಕೃತ್ತಿನ ತುಂಡಿನಂತೆ ಕಾಣುವ ಕಾಂಡ್ರಿಲ್ಲಾ ಕೂಡ ಅಂಥದ್ದೇ. ಈ ಬೂದು ಹಾಳೆಯ ಗುಂಪಿಗೆ ಸ್ವಂತ ಮುಳ್ಳುಗಳೇ ಇಲ್ಲ, ಮೈಗೆ ಆಸರೆ ಮೃದುವಾದ ನಾರು. ಸಂಪ್‌ನ ಬಿಳಿ ಸ್ಪಂಜಿನ ಮುಳ್ಳುಗಳಂತೂ ಸುಣ್ಣದವು. ಸಿಲಿಕೇಟ್ ಪೂರ್ತಿ ಶೂನ್ಯಕ್ಕಿಳಿದರೂ ಇವೆರಡೂ ಹಾಯಾಗಿ ಬೆಳೆಯುತ್ತವೆ.

ಕಿತ್ತಷ್ಟೂ ಹೆಚ್ಚುವುದಕ್ಕೆ ಕಾರಣ ಸ್ಪಂಜಿನ ಹುಟ್ಟುಗುಣ. 1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ಅಮೆರಿಕನ್ ಜೀವವಿಜ್ಞಾನಿ ಜೀವಂತ ಸ್ಪಂಜನ್ನು ನುಣ್ಣನೆಯ ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಬಿಡಿಬಿಡಿ ಕೋಶಗಳನ್ನಾಗಿ ಮಾಡಿದರು. ಆ ಕೋಶಗಳು ತಳದಲ್ಲಿ ಹರಿದಾಡಿ, ಗುಂಪುಗೂಡಿ, ಮತ್ತೆ ಸ್ಪಂಜುಗಳೇ ಆದವು. ಟ್ಯಾಂಕಿನೊಳಗೆ ಪಂಪ್ ಓಡುತ್ತಿರುವಾಗಲೇ ಚಿಮಟದಿಂದ ಹರಿದು ಹಾಕಿದರೆ ಹೊಸ ಸಸಿ ನೆಟ್ಟ ಹಾಗೆಯೇ.

ಹಾಗಾದರೆ ತೆಗೆಯುವುದು ಹೇಗೆ? ಹಿಂದಿನ ದಿನವೇ 40 ಲೀಟರ್ ಉಪ್ಪುನೀರು ತಯಾರಿಸಿಡಿ. ಲವಣಾಂಶ ಮತ್ತು ಉಷ್ಣತೆ ಟ್ಯಾಂಕಿನದಕ್ಕೆ ಸರಿಹೊಂದಿರಬೇಕು. ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಎಷ್ಟೋ ಸ್ಪಂಜುಗಳ ಮುಳ್ಳು ಚರ್ಮಕ್ಕೆ ಹೊಕ್ಕರೆ ದಿನಗಟ್ಟಲೆ ಉರಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಅದೇ ಕಲ್ಲಿನಲ್ಲಿ ಹವಳದ ಬಳಗದ ಜೊಯಾಂಥಿಡ್ ಅಥವಾ ಪ್ಯಾಲಿಥೋವಾ ಎಂಬ ಪ್ರಾಣಿಗಳು ಇದ್ದರೆ. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡುವಿಷವಿರಬಹುದು. ಅಂಥ ಕಲ್ಲನ್ನು ಬ್ರಷ್ ಹಾಕಿ ಉಜ್ಜಬೇಡಿ. ಕುದಿಸುವ ಯೋಚನೆಯನ್ನಂತೂ ಮಾಡಲೇಬೇಡಿ: ಆವಿಯಲ್ಲಿ ವಿಷ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ನಡೆದಿವೆ.

ಕಲ್ಲನ್ನು ಹೊರತೆಗೆಯಲು ಸಾಧ್ಯವಿದ್ದರೆ ತೆಗೆದೇ ಕೆಲಸ ಮಾಡಿ. ಟ್ಯಾಂಕಿನ ನೀರು ತುಂಬಿದ ಬಕೆಟ್‌ನಲ್ಲಿ ಕಲ್ಲನ್ನಿಟ್ಟು, ಚಪ್ಪಟೆ ಬ್ಲೇಡನ್ನು ಹಾಳೆಯ ಅಂಚಿನಡಿ ತೂರಿಸಿ ಸುಲಿಯಿರಿ. ಈ ಜಾತಿ ಪುಡಿಯಾಗದೆ ಒದ್ದೆ ಚರ್ಮದಂತೆ ದೊಡ್ಡ ತುಂಡಾಗಿಯೇ ಏಳುವುದು ನಿಮಗೆ ಅನುಕೂಲ. ಉಳಿದ ಚೂರುಗಳನ್ನು ಗಟ್ಟಿ ಬ್ರಷ್‌ನಿಂದ ತಿಕ್ಕಿ, ಬೇರೊಂದು ಬಕೆಟ್ ಉಪ್ಪುನೀರಿನಲ್ಲಿ ಎರಡು ಸಲ ತೊಳೆಯಿರಿ. ಹವಳವಿಲ್ಲದ ಜಾಗವಾದರೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ಆ ಜಾಗಕ್ಕೆ ಮಾತ್ರ ಬ್ರಷ್‌ನಲ್ಲಿ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬಹುದು. ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 6ರದು, ಸಮಪ್ರಮಾಣ ಆರ್‌ಒ ನೀರು ಬೆರೆಸಿಕೊಳ್ಳಿ. ಕ್ಲೀನರ್ ಸೀಗಡಿಗಳಿಗೆ ಪೆರಾಕ್ಸೈಡ್ ಆಗಿಬರುವುದಿಲ್ಲ, ಚೆನ್ನಾಗಿ ತೊಳೆಯದೆ ಕಲ್ಲನ್ನು ವಾಪಸ್ ಇಡಬೇಡಿ. ಬಕೆಟ್‌ನ ನೀರನ್ನೂ ಟ್ಯಾಂಕಿಗೆ ಸುರಿಯಬೇಡಿ, ಅದರಲ್ಲಿರುವುದು ಬರೀ ಸ್ಪಂಜಿನ ಚೂರು.

ಗಾಳಿ ತಾಗಿದರೆ ಸ್ಪಂಜು ಸಾಯುತ್ತದೆ ಎಂಬ ಮಾತು ಪ್ರಚಲಿತವಾಗಿದೆ. ದಪ್ಪನೆಯ, ಆಳವಾದ ನಾಳಗಳಿರುವ ಸ್ಪಂಜುಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಆ ಭಾಗ ಕೊಳೆಯುವುದು ನಿಜ. ಕಲ್ಲಿಗೆ ಅಂಟಿದ ತೆಳು ಹಾಳೆ ಮಾತ್ರ ಹತ್ತಿಪ್ಪತ್ತು ನಿಮಿಷ ಹೊರಗಿದ್ದರೂ ಒದ್ದೆಯಾಗಿಯೇ ಉಳಿಯುತ್ತದೆ. ಅದನ್ನು ನಂಬಿ ಕೂರಬೇಡಿ.

ಕಲ್ಲು ಅಲುಗಾಡಿಸಲು ಬಾರದಿದ್ದರೆ ರಿಟರ್ನ್ ಪಂಪ್, ವೇವ್ ಪಂಪ್ ಎಲ್ಲ ನಿಲ್ಲಿಸಿ. ಏರ್‌ಲೈನ್ ಪೈಪಿಗಿಂತ ತುಸು ದಪ್ಪದ, ಒಂದು ಸೆಂಟಿಮೀಟರ್ ಒಳವ್ಯಾಸದ ಸೈಫನ್ ಪೈಪಿನ ಬಾಯನ್ನು ಬ್ಲೇಡಿನ ಪಕ್ಕದಲ್ಲೇ ಹಿಡಿದು, ಕೆರೆದದ್ದು ಕೆರೆದ ಹಾಗೆ ಹೊರಗಿನ ಬಕೆಟ್‌ಗೆ ಹೋಗುವಂತೆ ಮಾಡಿ. ಇದಕ್ಕೆ ಇಬ್ಬರು ಬೇಕು. 40 ಲೀಟರ್ ಹೋಗುತ್ತಲೇ ನಿಲ್ಲಿಸಿ, ಹೊಸ ನೀರು ತುಂಬಿ.

ಸಂದಿಯಲ್ಲಿ ಬ್ಲೇಡು ತಲುಪದ ಕಡೆ ಸುಣ್ಣದ ಪೇಸ್ಟ್ ಉಪಯೋಗಕ್ಕೆ ಬರುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಗೆ ಹನಿಹನಿಯಾಗಿ ಆರ್‌ಒ ನೀರು ಹಾಕಿ ಟೂತ್‌ಪೇಸ್ಟ್‌ನಷ್ಟು ಗಟ್ಟಿ ಕಲಸಿ, ದಪ್ಪ ಸೂಜಿಯ ಸಿರಿಂಜ್‌ನಿಂದ ಸ್ಪಂಜಿನ ಮೇಲೆ ಹಚ್ಚಿ. ಹದಿನೈದು ನಿಮಿಷ ಪಂಪ್‌ಗಳು ನಿಂತಿರಲಿ, ಆಮೇಲೆ ಪೇಸ್ಟನ್ನು ಸೈಫನ್ ಮಾಡಿ. ಲೆಕ್ಕ ಹೀಗಿದೆ: 400 ಲೀಟರಿಗೆ ಒಂದು ಗ್ರಾಂ ಪೂರ್ತಿ ಕರಗಿದರೆ ಕ್ಷಾರತೆ ಸುಮಾರು 0.2 ಡಿಕೆಎಚ್ ಏರುತ್ತದೆ, ಪಿಎಚ್ ತಾತ್ಕಾಲಿಕವಾಗಿ 0.1ರ ಆಸುಪಾಸು ಮೇಲೆ ಹೋಗುತ್ತದೆ. ಆದ್ದರಿಂದ ದಿನಕ್ಕೆ ಎರಡು ಗ್ರಾಂ ದಾಟಬೇಡಿ. ಎಲೆಅಡಿಕೆಗೆ ಬಳಸುವ ಸುಣ್ಣವೂ ರಾಸಾಯನಿಕವಾಗಿ ಇದೇ ಆದರೂ ಅದರ ಶುದ್ಧತೆಗೆ ಖಾತರಿಯಿಲ್ಲ, ಅದು ಬೇಡ. ಇದು ಚರ್ಮವನ್ನು, ಕಣ್ಣನ್ನು ಸುಡುವ ವಸ್ತು ಎಂಬುದು ನೆನಪಿರಲಿ.

ಮಾಂಟಿಪೊರಾದ ಅಂಚನ್ನು ಬೇರೆಯಾಗಿಯೇ ನೋಡಬೇಕು. ಸ್ಪಂಜು ಹತ್ತಿದ ಕಡೆ ಅದರಡಿಯ ಹವಳ ಆಗಲೇ ಸತ್ತಿರುತ್ತದೆ. ಆ ಅಂಚನ್ನು ಉಳಿಸಲು ಹೆಣಗಬೇಡಿ. ಜೀವಂತ ಭಾಗದೊಳಕ್ಕೆ ಒಂದು ಸೆಂಟಿಮೀಟರ್ ಸೇರಿಸಿ ತಟ್ಟೆಯನ್ನು ಮುರಿದು, ಸ್ಪಂಜು ಸಮೇತ ತೆಗೆದುಬಿಡಿ. ಹವಳಕ್ಕೂ ಉಳಿದ ಸ್ಪಂಜಿಗೂ ನಡುವೆ ಎರಡು ಸೆಂಟಿಮೀಟರ್ ಅಗಲದ ಬರಿಗಲ್ಲಿನ ಪಟ್ಟಿ ಕೆರೆದು ಬಿಡಿ, ಪ್ರತಿ ವಾರ ನೀರು ಬದಲಿಸುವಾಗ ಆ ಪಟ್ಟಿಯನ್ನು ಮತ್ತೆ ಕೆರೆಯಿರಿ. ಕಾಡಿನ ಬೆಂಕಿರೇಖೆಯ ತತ್ವವೇ ಇದು. ಇಡೀ ಟ್ಯಾಂಕಿನ ಸ್ಪಂಜನ್ನು ಒಮ್ಮೆಗೇ ಕೊಲ್ಲಲು ಹೊರಡುವುದಕ್ಕಿಂತ ಈ ಪಟ್ಟಿಯೇ ಹವಳಗಳನ್ನು ಹೆಚ್ಚು ಕಾಪಾಡುತ್ತದೆ.

ಹವಳವಿಲ್ಲದ ದೊಡ್ಡ ಕಲ್ಲುಗಳ ಮೇಲೆ ಬೆಳಕು ತಡೆಯಿರಿ. ಕಪ್ಪು ಅಕ್ರಿಲಿಕ್ ಅಥವಾ ಪಿವಿಸಿ ಹಾಳೆಯನ್ನು ಸ್ಪಂಜಿನ ಮೇಲೆ ಚಪ್ಪರದಂತೆ ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿ ಮೂರು ವಾರ ಬಿಡಿ. ಈ ಬಗೆಯ ಸಯನೋಬ್ಯಾಕ್ಟೀರಿಯಾ ಹೊತ್ತ ಸ್ಪಂಜುಗಳಲ್ಲಿ ಒಂದಾದ ಲ್ಯಾಮೆಲ್ಲೊಡಿಸಿಡಿಯಾವನ್ನು ಸಮುದ್ರದಲ್ಲೇ ಎರಡು ವಾರ ನೆರಳಿಗೊಡ್ಡಿದ ಪ್ರಯೋಗದಲ್ಲಿ ಅದರ ವಿಸ್ತೀರ್ಣ ಎದ್ದು ಕಾಣುವಷ್ಟು ಕುಗ್ಗಿತ್ತು. ಟ್ಯಾಂಕಿನ ಲೈಟ್ ಮೂರು ದಿನ ಆರಿಸಿಡುವ ಉಪಾಯ ಇಲ್ಲಿ ಸಾಲದು: ಅಷ್ಟು ದಿನವನ್ನು ಸ್ಪಂಜು ನೀರಿನ ಆಹಾರದಿಂದಲೇ ಕಳೆಯುತ್ತದೆ, ಸೊರಗುವುದು ಹವಳ.

ಒಂದು ಎಚ್ಚರಿಕೆ. ಹಾಳೆ ಮಿಲಿಮೀಟರಿಗಿಂತ ತೆಳ್ಳಗೆ, ಕಡುಬೂದು ಅಥವಾ ಕಪ್ಪಾಗಿದ್ದು ಜೀವಂತ ಹವಳದ ಮೇಲೆಯೇ ಬಣ್ಣ ಬಳಿದಂತೆ ಹರಿಯುತ್ತಿದ್ದರೆ ಅದು ಟರ್ಪಿಯೋಸ್ ಹೊಶಿನೋಟಾ ಇರಬಹುದು. ಗುವಾಮ್ ದ್ವೀಪದ ಹವಳಗಳನ್ನು ಕೊಲ್ಲುತ್ತಿದ್ದುದು 1970ರ ದಶಕದಲ್ಲೇ ಗಮನಕ್ಕೆ ಬಂದ ಈ ಜಾತಿಗೆ ಹೆಸರಿಟ್ಟದ್ದು 1993ರಲ್ಲಿ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲೂ ಇದು ದಾಖಲಾಗಿದೆ. ಅದಾದರೆ ಕೆರೆಯುವ ಪ್ರಯೋಗ ಬೇಡ, ಆ ಕಲ್ಲನ್ನು ಪೂರ್ತಿ ಹೊರಹಾಕಿ.

ಎಷ್ಟು ಹುಮ್ಮಸ್ಸಿದ್ದರೂ ಒಂದು ಸಲಕ್ಕೆ ಒಟ್ಟು ಸ್ಪಂಜಿನ ಕಾಲುಭಾಗಕ್ಕಿಂತ ಹೆಚ್ಚು ಮುಟ್ಟಬೇಡಿ, ಎರಡು ಸರದಿಗಳ ನಡುವೆ ಹತ್ತು ದಿನ ಬಿಡಿ. ಸಂದಿಗಳಲ್ಲಿ ಸತ್ತು ಉಳಿದದ್ದು ಕೊಳೆತರೆ ಅಮೋನಿಯಾ ಏರುತ್ತದೆ, ಆಮ್ಲಜನಕ ಇಳಿಯುತ್ತದೆ. ಜೊತೆಗೆ ಗಾಯಗೊಂಡ ಸ್ಪಂಜುಗಳು ತಮ್ಮ ರಕ್ಷಣೆಗೆ ಇಟ್ಟುಕೊಂಡ ರಾಸಾಯನಿಕಗಳನ್ನು ನೀರಿಗೆ ಬಿಡುತ್ತವೆ. ಕೆಲಸ ಮುಗಿದೊಡನೆ ಸ್ಕಿಮ್ಮರ್ (ನೊರೆಯೊಡನೆ ಕೊಳೆ ಹೊರತೆಗೆಯುವ ಯಂತ್ರ) ಚಾಲೂ ಮಾಡಿ, 150ರಿಂದ 200 ಗ್ರಾಂ ಹೊಸ ಆಕ್ಟಿವೇಟೆಡ್ ಕಾರ್ಬನ್ ಚೀಲವನ್ನು ನೀರು ಹರಿಯುವ ಜಾಗದಲ್ಲಿಟ್ಟು ನಾಲ್ಕು ದಿನಕ್ಕೆ ತೆಗೆಯಿರಿ, ಫಿಲ್ಟರ್ ಸಾಕ್ಸ್ ಮರುದಿನವೇ ಬದಲಿಸಿ. ಅಮೋನಿಯಾವನ್ನು ಅದೇ ಸಂಜೆ ಮತ್ತು ಮರುದಿನ ಅಳೆಯಿರಿ. 0.25 ಪಿಪಿಎಂ ಮುಟ್ಟಿದರೆ ಇನ್ನೂ 40 ಲೀಟರ್ ನೀರು ಬದಲಿಸಿ.

ಇಷ್ಟೆಲ್ಲ ಮಾಡಿದರೂ ಊಟ ಹಾಕುವುದು ನಿಲ್ಲದಿದ್ದರೆ ಆರು ತಿಂಗಳಲ್ಲಿ ಎಲ್ಲ ಮೊದಲಿನಂತೆಯೇ. ನಿಮ್ಮ ದಿನಚರಿಯನ್ನು ಸ್ಪಂಜಿನ ಕಡೆಯಿಂದ ನೋಡಿ. ಅದು ಮುಖ್ಯವಾಗಿ ತಿನ್ನುವುದು ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ಮತ್ತು ಅಷ್ಟೇ ಸೂಕ್ಷ್ಮವಾದ ಕಣಗಳನ್ನು. ವೋಡ್ಕಾದ ಇಂಗಾಲ ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಅದು ಪೂರ್ತಿ ಸ್ಕಿಮ್ಮರ್‌ಗೆ ಹೋಗುವುದಿಲ್ಲ. ಬಾಟಲಿಯಿಂದ ಇನ್ನಷ್ಟು ಬ್ಯಾಕ್ಟೀರಿಯಾ ಬರುತ್ತದೆ. ಫೈಟೊ ಬೇರೆ. ಜೊತೆಗೆ ಹಲವು ಸ್ಪಂಜುಗಳು ನೀರಿನಲ್ಲಿ ಕರಗಿರುವ ಸಾವಯವ ಇಂಗಾಲವನ್ನೂ ನೇರವಾಗಿ ಹೀರುತ್ತವೆ. ಹೀಗೆ ಹೀರಿದ್ದನ್ನು ಕೋಶಗಳ ಹುಡಿಯಾಗಿ ಉದುರಿಸಿ ಹವಳದ ದಿಬ್ಬದ ಉಳಿದ ಜೀವಿಗಳಿಗೆ ಆಹಾರವಾಗಿ ಮರಳಿಸುತ್ತವೆ ಎಂಬುದನ್ನು 2013ರಲ್ಲಿ ಸಂಶೋಧಕರು ತೋರಿಸಿದರು. ಪೋಷಕಾಂಶ ವಿರಳವಾದ ನೀರಿನಲ್ಲೂ ಹವಳದ ದಿಬ್ಬಗಳು ಸಮೃದ್ಧವಾಗಿರುವುದಕ್ಕೆ ಇದೂ ಒಂದು ಕಾರಣ.

ಬ್ಯಾಕ್ಟೀರಿಯಾ ಬಾಟಲಿಯನ್ನು ಇಂದೇ ನಿಲ್ಲಿಸಿ. ಕ್ಲಾಮ್ (ಕಪ್ಪೆಚಿಪ್ಪು) ಮರಿಗಳಂಥ, ಅದನ್ನೇ ನಂಬಿದ ಪ್ರಾಣಿ ಇಲ್ಲದಿದ್ದರೆ ಫೈಟೊ ಕೂಡ ಇಂದೇ ನಿಲ್ಲಲಿ. ವೋಡ್ಕಾವನ್ನು ಮಾತ್ರ ಒಮ್ಮೆಗೇ ನಿಲ್ಲಿಸಬೇಡಿ: ನೈಟ್ರೇಟ್ ದಿಢೀರನೆ ಏರಿ ಕೆಂಪು ಲೋಳೆ ಹರಡಲು ದಾರಿಯಾಗುತ್ತದೆ. ಈಗಿನ ಡೋಸ್‌ನ ಐದನೇ ಒಂದು ಭಾಗವನ್ನು ಪ್ರತಿ ವಾರ ಕಡಿಮೆ ಮಾಡುತ್ತ ಐದು ವಾರದಲ್ಲಿ ಮುಗಿಸಿ. ವಾರಕ್ಕೆರಡು ಸಲ ಅಳೆದು ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗೆ ಇರುವಂತೆ ನೋಡಿಕೊಳ್ಳಿ. ಇವನ್ನು ಶೂನ್ಯಕ್ಕೆ ಇಳಿಸಿದರೆ ಸ್ಪಂಜಿಗಿಂತ ಮೊದಲು ಹವಳ ಬಿಳಿಚಿಕೊಳ್ಳುತ್ತದೆ.

ನೀರಿನ ಮೂಲವನ್ನೂ ಪರೀಕ್ಷಿಸಿ, ಕ್ಲಿಯೋನಾದ ದೃಷ್ಟಿಯಿಂದ ಅದು ಮುಖ್ಯ. ಬೆಂಗಳೂರಿನ ಸುತ್ತಲಿನ ಗಟ್ಟಿಶಿಲೆಯ ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಧಾರಾಳವಾಗಿರುತ್ತದೆ. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಕಚ್ಚಾನೀರನ್ನೋ ಖನಿಜವನ್ನೋ ಮತ್ತೆ ಬೆರೆಸುವ ವ್ಯವಸ್ಥೆ ಇರುವುದು ಸಾಮಾನ್ಯ, ಆ ನೀರು ಟ್ಯಾಂಕಿಗೆ ಸಲ್ಲದು. ಆರ್‌ಒ ಪೊರೆಯ ನಂತರ ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿಯುವ ಮಣಿಗಳು) ಬೇಕೇ ಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ರೆಸಿನ್ ಸವೆಯುತ್ತ ಬಂದಾಗ ಮೊದಲು ಜಾರಿ ಹೊರಬರುವುದು ಸಿಲಿಕಾ. ಅದು ವಿದ್ಯುದಂಶ ಹೊರುವುದು ಬಹಳ ಕಡಿಮೆಯಾದ್ದರಿಂದ ವಿದ್ಯುತ್ ಹರಿವಿನಿಂದ ಲವಣ ಅಳೆಯುವ ಟಿಡಿಎಸ್ ಮೀಟರ್ ಆಗಲೂ ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಎರಡು ಡಿಐ ಡಬ್ಬಿಗಳನ್ನು ಒಂದರ ಹಿಂದೊಂದು ಜೋಡಿಸಿ, ಮೊದಲನೆಯದು ಬಣ್ಣ ಬದಲಿಸಿದ ಕೂಡಲೇ ಎರಡನೆಯದನ್ನು ಅದರ ಜಾಗಕ್ಕೆ ತಂದು, ಹಿಂದೆ ಹೊಸದು ಹಾಕಿ.

ಸಂಪ್‌ನ ಬಿಳಿಯವು ಸೈಕಾನ್ ಜಾತಿಯವು, ಹವ್ಯಾಸಿಗಳ ಬಾಯಲ್ಲಿ ಪೈನಾಪಲ್ ಸ್ಪಂಜು. ಬೆಳಕಿಲ್ಲದ ಕಡೆ ಬೆಳೆದು ನೀರು ಸೋಸುತ್ತವೆ, ಹವಳದ ಜೊತೆ ಜಾಗಕ್ಕೆ ಹೋರಾಡುವುದಿಲ್ಲ, ತಾವಾಗಿಯೇ ಬಂದು ತಾವಾಗಿಯೇ ಕಡಿಮೆಯಾಗುತ್ತವೆ. ಟ್ಯಾಂಕಿನಿಂದ ನೀರು ಇಳಿಯುವ ಓವರ್‌ಫ್ಲೋ ಹಲ್ಲುಗಳು ಮತ್ತು ರಿಟರ್ನ್ ಪಂಪಿನ ಬಾಯಿ ಮುಚ್ಚದಂತೆ ತಿಂಗಳಿಗೊಮ್ಮೆ ಉಜ್ಜಿದರೆ ಸಾಕು. ಮೂರು ನಾಲ್ಕು ತಿಂಗಳಿಗೊಮ್ಮೆ ಪಂಪನ್ನು ಬಿಚ್ಚಿ, ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿದ ದ್ರಾವಣದಲ್ಲಿ ಒಂದು ಗಂಟೆ ನೆನೆಸಿ ತೊಳೆಯಿರಿ. ಒಳಪೈಪುಗಳಲ್ಲಿ ಸ್ಪಂಜು ದಟ್ಟವಾಗಿದ್ದರೆ, ಕರೆಂಟು ಗಂಟೆಗಟ್ಟಲೆ ಹೋಗಿ ಬಂದಾಗ ಪೈಪಿನಲ್ಲಿ ನಿಂತ ನೀರು ಆಮ್ಲಜನಕವಿಲ್ಲದೆ ಕೆಟ್ಟಿರಬಹುದು. ಆಗ ಮೊದಲ ಒಂದೆರಡು ಲೀಟರನ್ನು ಬಕೆಟ್‌ಗೆ ಹರಿಸಿ ಚೆಲ್ಲಿ.

ಏಂಜಲ್ ಮೀನು ಬೇಡ. ಸಮುದ್ರದಲ್ಲಿ ದೊಡ್ಡ ಏಂಜಲ್‌ಗಳ ಮುಖ್ಯ ಆಹಾರ ಸ್ಪಂಜು ಎಂಬುದು ನಿಜವೇ. ಆದರೆ ಎಂಪರರ್ ಏಂಜಲ್ 40 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ನಾಲ್ಕಡಿಯ ಟ್ಯಾಂಕ್ ಅದಕ್ಕೆ ಸೆರೆಮನೆ. ಹವಳದ ಪಾಲಿಪ್‌ಗಳನ್ನೂ ಕೀಳುತ್ತದೆ. ನಿಮ್ಮ ಬೂದು ಸ್ಪಂಜನ್ನೇ ತಿನ್ನುತ್ತದೆ ಎಂಬ ಭರವಸೆಯೂ ಇಲ್ಲ. ಸ್ಪಂಜು ತಿನ್ನುವ ನ್ಯೂಡಿಬ್ರಾಂಕ್‌ಗಳು (ಚಿಪ್ಪಿಲ್ಲದ ಸಮುದ್ರ ಬಸವನಹುಳುಗಳು) ತಮಗೆ ಒಗ್ಗಿದ ಒಂದೆರಡು ಜಾತಿಯನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಅಂಗಡಿಯಲ್ಲಿ ಚಂದ ಕಾಣುತ್ತವೆಂದು ತಂದವು ಮನೆಯಲ್ಲಿ ಹಸಿವಿನಿಂದ ಸಾಯುತ್ತವೆ.

ತೀರಾ ಹದಗೆಟ್ಟ ಕಲ್ಲನ್ನು ಬದಲಿಸುವುದಾದರೆ ಒಣ ಕಲ್ಲನ್ನೇ ತನ್ನಿ. ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಹವಳ ಎತ್ತಿಕೊಂಡು ಬರುವುದು ಅಪರಾಧ: ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹೊಸ ಹವಳದ ತುಂಡು ಪ್ಲಗ್ ಸಮೇತ ಬಂದರೆ ಆ ಪ್ಲಗ್ಗನ್ನು ಕಿತ್ತೆಸೆದು, ಬುಡವನ್ನು ಮುರಿದು ನೋಡಿ, ಒಂದೂವರೆ ತಿಂಗಳು ಬೇರೆ ತೊಟ್ಟಿಯಲ್ಲಿಟ್ಟು ಆಮೇಲೆ ಒಳಗೆ ಬಿಡಿ. ಕೊರೆಯುವ ಸ್ಪಂಜು ಮನೆಗೆ ಬರುವುದು ಹೆಚ್ಚಾಗಿ ಈ ದಾರಿಯಿಂದಲೇ.

ಪ್ರಗತಿ ಅಳೆಯಲು ಬೂದು ಹಾಳೆಯ ನಾಲ್ಕೈದು ಅಂಚುಗಳ ಪಕ್ಕ ಎಪಾಕ್ಸಿಯ ಸಣ್ಣ ಬೊಟ್ಟಿಟ್ಟು, ಒಂದೇ ಕೋನದಿಂದ ಹದಿನೈದು ದಿನಕ್ಕೊಮ್ಮೆ ಫೋಟೊ ತೆಗೆಯಿರಿ. ವೋಡ್ಕಾ ನಿಲ್ಲಿಸಿದ ಆರೆಂಟು ವಾರಗಳ ನಂತರವೂ ಅಂಚು ಬೊಟ್ಟನ್ನು ದಾಟುತ್ತಿದ್ದರೆ ಮೀನಿನ ಊಟವನ್ನು ಕಾಲುಭಾಗ ತಗ್ಗಿಸಿ, ಕಲ್ಲಿನಡಿಯ ಕಸವನ್ನು ಪ್ರತಿ ವಾರ ಸೈಫನ್ ಮಾಡಿ, ಸುಲಿಯುವ ಸರದಿಯನ್ನು ಮತ್ತೆ ಆರಂಭಿಸಿ.